ಏರಿದ ಸಂಬಳ

ಸಂಬಳ ಏರಿದ ದಿನವೇ ಲಂಚ ಬಿಡುತ್ತೇನೆಂದು ತಾಲ್ಲೂಕು ಕಚೇರಿಯ ಗುಮಾಸ್ತ ಪುಟ್ಟಮಾದಯ್ಯ ಹೆಂಡತಿಗೆ ಆಣೆ ಮಾಡಿದ್ದ. ಕೊನೆಗೂ ಆದೇಶ ಬಂತು. ಮರುದಿನ ಬೆಳಿಗ್ಗೆ ವಿಧವಾ ವೇತನಕ್ಕೆ ಬಂದ ಮುದುಕಿ ಎಲೆಅಡಿಕೆ ಚೀಲದಿಂದ ಐನೂರರ ನೋಟು ತೆಗೆದು ಚಾಚಿದಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನೀನೇ ಇಟ್ಕೋ ಅವ್ವ, ಇನ್ಮೇಲೆ ಬ್ಯಾಡ."

ಮುದುಕಿ ಕೈಮುಗಿದು, ಸಾಹೇಬರ ರುಜು ಬೀಳಲೆಂದು ಜಗಲಿಯಲ್ಲಿ ಕಾದು ಕೂತಳು.

ಮಧ್ಯಾಹ್ನ ಅವನು ಹೊಸ ಸಂಬಳದ ಬಿಲ್ಲು ಮಾಡಿಸಲು ಖಜಾನೆಗೆ ಹೋದ.

"ಐನೂರು" ಎಂದ ಅಲ್ಲಿನ ಗುಮಾಸ್ತ, ತಲೆಯೆತ್ತದೆ.

"ಥೂ! ನಾನೂ ನೌಕರನೇ ಕಣಯ್ಯ. ನಿಂಗೂ ಸಂಬಳ ಏರಿಲ್ವಾ?"

"ಏರೈತೆ ಸಾರ್. ನನ್ ಬಿಲ್ ಮಾಡೋನೂ ಕೇಳ್ತಾವ್ನೆ."

ಪುಟ್ಟಮಾದಯ್ಯ ಮುಖ ಕಿವುಚಿಕೊಂಡು ಕಚೇರಿಗೆ ಮರಳಿದ. ಮುದುಕಿ ಇನ್ನೂ ಜಗಲಿಯಲ್ಲೇ ಇದ್ದಳು.

"ಅವ್ವಾ, ಬೆಳಿಗ್ಗೆ ಕೊಡಾಕೆ ಬಂದಿದ್ಯಲ್ಲ ಆ ನೋಟು... ತಾ ಇಲ್ಲಿ."