ಚೌಕಟ್ಟು ಬಿಡದ ಜಾಗ

ಕಡಲಪಾಲಾದ ಮಗಳನ್ನು ಶ್ರೀಪಾದ ತಿಂಗಳುಗಟ್ಟಲೆ ಕೂತು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದ್ದ. ಅದೇ ಹಳದಿ ಫ್ರಾಕು, ಅದೇ ಮರಳ ದಂಡೆ. ಅವನಂತೆಯೇ ಅನಿಮೇಷನ್ ಕಸುಬಿನವಳಾದ ಹೆಂಡತಿ ವಿನಯಾ ಬೊಂಬೆಯ ಮೇಲೆ ಕ್ಲಿಕ್ ಮಾಡಿದಳು. ಸುತ್ತ ಹಸಿರು ಚೌಕಟ್ಟು ಮೂಡಿತು, ಮಗಳಿಗಿಂತ ಏಳೆಂಟು ಪಟ್ಟು ಅಗಲವಾಗಿ.

"ಪಕ್ಕದಲ್ಲಿ ಇಷ್ಟೊಂದು ಖಾಲಿ ಯಾಕ್ರೀ?"

"ಏನೋ ತಪ್ಪಾಗಿದೆ, ಬಿಡು."

"ತಪ್ಪಲ್ಲ. ಮರೆ ಮಾಡಿಟ್ಟಿದ್ದನ್ನೂ ಸೇರಿಸೇ ಇದು ಚೌಕಟ್ಟು ಹಾಕತ್ತೆ. ಯಾರಿದಾರೆ ಅಲ್ಲಿ?"

"ನಾನೇ. ಅವಳ ಕೈ ಹಿಡ್ಕೊಂಡೇ ಇದ್ದೆ, ಅಲೆ ಕಿತ್ಕೊಂಡು ಹೋಯ್ತು ಅಂತ ಹೇಳಿದ್ನಲ್ಲ. ಮರೆ ತೆಗೀಬೇಡ ವಿನಯಾ, ನೋಡಕ್ಕಾಗಲ್ಲ."

ಅವಳು ತೆಗೆದಳು.

ಮಗಳಿಂದ ಮಾರು ದೂರದಲ್ಲಿ, ಕಡಲಿಗೆ ಬೆನ್ನು ಹಾಕಿ ಅವನು ನಿಂತಿದ್ದ. ಎರಡೂ ಕೈಯಲ್ಲಿ ಮೊಬೈಲು ಹಿಡಿದಿದ್ದ.