ಗೆರೆ ಇಳಿಯುವ ಮುನ್ನ

ಚೀಲದ ವಾಲ್ವ್ ತಿರುಗಿಸಹೋದ ಅತೀಯಾಳ ಬೆರಳು ಒಂದು ಕ್ಷಣ ತಡೆಯಿತು. ಒಳಗಿದ್ದದ್ದು ಅಬ್ಬಾನ ಉಸಿರು. ಕಿಡ್ನಿ ಕೆಟ್ಟವರ ಉಸಿರಿನಲ್ಲಿ ಅಮೋನಿಯಾ ಪತ್ತೆಹಚ್ಚುವ ಅವಳ ಸೆನ್ಸರಿಗೆಂದು ಹೋದ ವಾರ ಯಲಹಂಕದ ಮನೆಯಲ್ಲಿ, ಮಂಚದ ಮೇಲೆ ಕೂತು ಎರಡು ಚೀಲ ಊದಿಕೊಟ್ಟಿದ್ದರು. "ನಿನ್ನ ಮಶೀನು ನನ್ನ ಗುರುತು ಹಿಡಿಯುತ್ತಾ ಬೇಟಿ?" ಎಂದು ಕೇಳಿದ್ದರು.

ಹಿಡಿದಿರಲಿಲ್ಲ. ಸೆನ್ಸರಿನ ಸಿಲಿಕಾನ್ ಬಿಲ್ಲೆಯ ಮೇಲೆ ಅವಳು ಲೇಪಿಸಿದ್ದ ಬೆಳ್ಳಿ ತುಸು ದಪ್ಪವಾಗಿ, ಬಿಲ್ಲೆಯ ಕಣ್ಣಿಗೆ ಕಾಣದ ರಂಧ್ರಗಳೆಲ್ಲ ಮುಚ್ಚಿಹೋಗಿದ್ದವು. ಮೊದಲ ಚೀಲ ವ್ಯರ್ಥವಾಯಿತು. ತೆಳು ಲೇಪದ ಹೊಸ ಬಿಲ್ಲೆ ಸಿದ್ಧವಾಗುವ ಮೊದಲೇ ಅಬ್ಬಾ ತೀರಿಕೊಂಡರು. ಉಳಿದದ್ದು ಈ ಎರಡನೇ ಚೀಲ ಮಾತ್ರ.

ಅವಳು ವಾಲ್ವ್ ತಿರುಗಿಸಿದಳು. ಉಸಿರು ಪರೀಕ್ಷೆಯ ಪೆಟ್ಟಿಗೆಯೊಳಕ್ಕೆ ಸರಿಯಿತು, ಚೀಲ ಮುದುಡಿತು. ಕಂಪ್ಯೂಟರ್ ಪರದೆಯ ಮೇಲೆ ಗೆರೆ ಅಲುಗಿ, ಮೇಲೇರಿ ನಿಂತಿತು.

"ಹಿಡೀತು ಕಣೇ!" ಲ್ಯಾಬಿನ ಜೊತೆಗಾರ ಗುರುಚರಣ್ ಕೂಗಿದ. ಅವಳ ಮುಖ ನೋಡಿ ದನಿ ತಗ್ಗಿಸಿದ. ಪ್ರತಿ ಪರೀಕ್ಷೆಯ ನಂತರ ನೈಟ್ರೋಜನ್ ಹಾಯಿಸಿ ಪೆಟ್ಟಿಗೆಯೊಳಗಿನದನ್ನೆಲ್ಲ ಹೊರದಬ್ಬಬೇಕು. ಆಗ ಗೆರೆ ಮತ್ತೆ ಸೊನ್ನೆಗಿಳಿಯುತ್ತದೆ.

"ಫ್ಲಶ್ ಮಾಡ್ಲಾ?"

ಅತೀಯಾ ನೈಟ್ರೋಜನ್ ವಾಲ್ವಿನ ಮೇಲೆ ಅಂಗೈ ಊರಿದಳು.

"ಗೆರೆ ಇನ್ನೂ ಮೇಲೇ ಇದೆ ಗುರು," ಎಂದಳು. "ಸ್ವಲ್ಪ ಹೊತ್ತು ಇರ್ಲಿ."