ಗಾಳಿಗುಳ್ಳೆ

“ರಕ್ತದ ರಿಪೋರ್ಟ್ ಚೆನ್ನಾಗಿದೆ. ಆಕ್ಸಿಜನ್ ಕಮ್ಮಿ ಮಾಡಿ, ವಾರ್ಡಿಗೆ ಕಳಿಸಿ,” ಎಂದರು ಡಾಕ್ಟರು. ಎದೆ ಕಟ್ಟಿದ್ದ ಎರಡು ತಿಂಗಳ ಕೂಸಿನ ಅಜ್ಜಿ ಕೈಮುಗಿದಳು. ನರ್ಸ್ ಮಾತ್ರ ಆಕ್ಸಿಜನ್ ಗುಂಡಿ ತಿರುಗಿಸಲಿಲ್ಲ. ಹಿಮ್ಮಡಿ ಚುಚ್ಚಿ ರಕ್ತ ತೆಗೆದವಳು ಅವಳೇ. ನಳಿಗೆಯಲ್ಲಿ ಸಾಸಿವೆಯಷ್ಟು ಗಾಳಿಗುಳ್ಳೆ ಕಂಡಿತ್ತು. ಗಾಳಿ ಬೆರೆತರೆ ರಕ್ತದಲ್ಲಿ ಆಕ್ಸಿಜನ್ ಹೆಚ್ಚು ತೋರಿಸಿ, ರಿಪೋರ್ಟ್ ಇದ್ದದ್ದಕ್ಕಿಂತ ಚೆನ್ನಾಗಿ ಬರುತ್ತದೆಂದು ಗೊತ್ತಿತ್ತು. ಸತತ ಎರಡನೇ ಪಾಳಿಯ ಸುಸ್ತಿನಲ್ಲಿ, ಇಷ್ಟಕ್ಕೇನಾಗುತ್ತೆ ಎಂದು ಲ್ಯಾಬಿಗೆ ಕಳಿಸಿಬಿಟ್ಟಿದ್ದಳು.

“ಸರ್, ಅದರಲ್ಲಿ ಗುಳ್ಳೆ ಇತ್ತು. ನನ್ನದೇ ತಪ್ಪು. ಇನ್ನೊಂದ್ಸಲ ತೆಗೀಬೇಕು.”

“ಇನ್ನೂ ಎಷ್ಟು ಚುಚ್ತೀಯೇ ತಾಯಿ? ಇದೇನು ಮಗೂನೋ, ಹೊಲಿಯೋ ಬಟ್ಟೇನೋ?” ಅಜ್ಜಿ ರೇಗಿದಳು.

ನರ್ಸ್ ಹಿಮ್ಮಡಿ ಒರೆಸಿ ಸೂಜಿ ಚುಚ್ಚಿದಳು. ಕೂಸು ಅಳಲಿಲ್ಲ, ಕಾಲನ್ನೂ ಎಳೆದುಕೊಳ್ಳಲಿಲ್ಲ. ಡಾಕ್ಟರು ಕೈಲಿದ್ದ ಕಾಗದವನ್ನು ಕೆಳಗಿಟ್ಟರು.

“ರಿಪೋರ್ಟ್ ಆಮೇಲೆ. ಮೊದಲು ಉಸಿರಾಟದ ಮೆಷಿನ್ ತನ್ನಿ.”